ಬೀಗರ ಎದುರು ಹೊಟ್ಟೆಯ ಮಾನ

ಯಾವುದಾದರೊಂದರ ಬಗ್ಗೆ ಜಂಬಪಡದೆ ಮನುಷ್ಯ ಬದುಕಲಾರ. ಒಬ್ಬರಿಗೆ ಹೊಲದ ಕರಿ ಮಣ್ಣಿನ ಜಂಬ, ಇನ್ನೊಬ್ಬರಿಗೆ ಮಗನ ಮಾರ್ಕ್ಸಿನ ಜಂಬ, ನಮ್ಮ ಓಣಿಯ ಹಿರಿಯರೊಬ್ಬರಿಗೆ ತಮ್ಮ ಅಳಿಯನ ಮೀಸೆಯ ಜಂಬ. ನನಗೆ ಇವ್ಯಾವೂ ಇರಲಿಲ್ಲ. ಇದ್ದದ್ದು ಒಂದು ಹೊಟ್ಟೆ. ಡೊಳ್ಳು ಹೊಟ್ಟೆಯಲ್ಲ, ಚೊಕ್ಕ ಹೊಟ್ಟೆ. ಕುಷ್ಟಗಿಯಲ್ಲಿ ಮೊದಲ ಬಸ್ಸು ತಡವಾದೀತು, ನಳದ ನೀರು ಬಾರದೆ ಹೋದೀತು, ನನ್ನ ಬೆಳಗಿನ ಕೆಲಸ ಮಾತ್ರ ತಪ್ಪಿದ್ದಿಲ್ಲ. ಹೋದೆ, ಬಂದೆ, ಅಷ್ಟೇ. ನಮ್ಮಪ್ಪ ಹಾಗೆಯೇ ಇದ್ದರು, ಅಜ್ಜನೂ ಹಾಗೆಯೇ ಇದ್ದನಂತೆ. "ನಮ್ಮ ಮನಿತನದಾಗ ಕಲ್ಲು ತಿಂದ್ರೂ ಕರಗತೈತಿ" ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆಸ್ತಿ ಅಂತ ಅವರು ನನಗೆ ಬಿಟ್ಟುಹೋದದ್ದೂ ಅದೊಂದೇ.

ನನ್ನದು ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಸುಟ್ಟ ಮೋಟಾರು ತಂದವರು ಕೆಲಸ ಮುಗಿಯುವವರೆಗೆ ಬೆಂಚಿನ ಮೇಲೆ ಕೂರುತ್ತಾರೆ. ಕೂತವರ ಮುಖ ನೋಡಿಯೇ ಹೊಟ್ಟೆಯ ಪರಿಸ್ಥಿತಿ ಹೇಳುವ ವಿದ್ಯೆ ನನಗೆ ಒಲಿದಿತ್ತು. "ಜ್ವಾಳದ ರೊಟ್ಟಿ ತಿನ್ರಿ, ಎದ್ದ ಕೂಡಲೆ ತಂಬಿಗಿ ತುಂಬ ಬಿಸಿನೀರು ಕುಡೀರಿ, ನಾಕು ಹೆಜ್ಜಿ ನಡೀರಿ. ಆಮ್ಯಾಲೂ ಆಗ್ಲಿಲ್ಲಂದ್ರ ನನ್ನ ಕೇಳ್ರಿ" ಎನ್ನುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ. ಮಲಬದ್ಧತೆ ಎಂಬುದು ರೋಗವಲ್ಲ, ಸೋಮಾರಿತನ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಹೋದ ವರ್ಷ ಆ ಸಿದ್ಧಾಂತ ನನ್ನ ಮೇಲೆಯೇ ಕುಸಿದುಬಿತ್ತು. ಮೊದಲು ಒಂದು ದಿನ ಆಗಲಿಲ್ಲ. ಆಮೇಲೆ ಆಗುವುದೇ ಅಪರೂಪವಾಯಿತು. ರೊಟ್ಟಿ, ಬಿಸಿನೀರು, ನಡಿಗೆ, ನನ್ನದೇ ಔಷಧಿಗಳೆಲ್ಲ ನನಗೇ ಕೈಕೊಟ್ಟವು. ಗೊತ್ತಿರುವ ಮೆಡಿಕಲ್ ಶಾಪಿಗೆ ಹೋದರೆ ಸುದ್ದಿ ಹಬ್ಬೀತೆಂದು ಗಂಗಾವತಿಗೆ ಬಸ್ ಹತ್ತಿ ಇಸಬಗೋಲ ತಂದೆ. ಸಂಡಾಸದಲ್ಲಿ ಕಿನ್ನಾಳದ ಮರದ ಗೊಂಬೆಯಂತೆ ಬಿಗಿದು ಕೂತಿದ್ದರೆ ಹೊರಗಿನಿಂದ ಹೆಂಡತಿ ಶಾಂತವ್ವ, "ಏನ್ರಿ, ಅಲ್ಲೇ ಮಲಗೀರೇನು?" ಎಂದು ಬಾಗಿಲು ಬಡಿಯುತ್ತಿದ್ದಳು. "ಪೇಪರ್ ಓದಾಕತ್ತೀನಿ" ಎನ್ನುತ್ತಿದ್ದೆ. ಒಂದು ದಿನ ಅವಳು, "ಪೇಪರ್ ಇನ್ನೂ ಬಂದಿಲ್ರಿ" ಎಂದಳು. ಸಾಲದ್ದಕ್ಕೆ ಮೈಗೆ ಸದಾ ಚಳಿ, ಕೂತಲ್ಲೇ ನಿದ್ದೆ. ವಯಸ್ಸು ಎಂದು ಸುಮ್ಮನಾದೆ.

ಇಂಥ ಹೊತ್ತಿನಲ್ಲಿಯೇ ಮಗಳು ಸವಿತಾಳ ಸಂಬಂಧ ಕೂಡಿಬಂತು. ಹುಡುಗ ಯಲಬುರ್ಗಾದವನು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು, ನಿಶ್ಚಯಕ್ಕೆ ದಿನ ನೋಡುವುದಷ್ಟೇ ಉಳಿದಿತ್ತು. ಅದಕ್ಕೆ ಮೊದಲು ಬೀಗರು ನನ್ನನ್ನೂ ಶಾಂತವ್ವನನ್ನೂ ಊಟಕ್ಕೆ ಕರೆದರು. ನಮ್ಮ ಕಡೆ ಬೀಗರ ಊಟವೆಂದರೆ ಹಸಿವಿನ ಮಾತಲ್ಲ, ಒಪ್ಪಿಗೆಯ ಮಾತು. ಹೆಣ್ಣಿನ ತಂದೆ ಹೋಳಿಗೆ ಬೇಡವೆಂದರೆ ಮನೆತನ ಬೇಡವೆಂದ ಹಾಗೆ. ಅದರಲ್ಲೂ ನನ್ನ ಹೊಟ್ಟೆಯ ಕೀರ್ತಿ ಯಲಬುರ್ಗಾದವರೆಗೂ ಹೋಗಿತ್ತು. ಹೋಗುವಂತೆ ನೋಡಿಕೊಂಡವನು ನಾನೇ.

ಎಲೆಯ ಮುಂದೆ ಕೂತೆ. ಹೋಳಿಗೆ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ, ಕಟ್ಟಿನ ಸಾರು. ಒಂದು ಹೋಳಿಗೆ ಇಳಿಸುವಷ್ಟರಲ್ಲಿ ಹೊಟ್ಟೆ ಬಿಗಿದು ಬೆವರು ಬಂತು. ಹುಡುಗನ ತಂದೆ, ಗಿರಿಜಾ ಮೀಸೆಯ ಗಟ್ಟಿ ಆಳು, ಮತ್ತೆರಡು ಹಿಡಿದು ಬಂದರು. ನಾನು ಎರಡೂ ಕೈ ಎಲೆಗೆ ಅಡ್ಡ ಹಿಡಿದೆ. ಅವರು ಬಗ್ಗಿದವರು ಹಾಗೆಯೇ ನಿಂತರು. "ಯಾಕ್ರಿ ಬೀಗರ, ನಮ್ಮ ಮನ್ಯಾಗ ಏನರ ಕಡಿಮಿ ಕಂಡತೇನು?" ಎಂದರು. ನೀರು ಬಡಿಸುತ್ತಿದ್ದ ನನ್ನ ಭಾವಿ ಅಳಿಯ ಜಗ್ಗು ಹಿಡಿದು ನನ್ನನ್ನೇ ನೋಡಿದ. ಅವನ ಮುಖ ಸಣ್ಣದಾಗಿತ್ತು. ಹುಡುಗನ ತಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. "ತಪ್ಪು ತಿಳಕೋಬ್ಯಾಡ್ರಿ, ಒಂದು ಮಾತು ಕೇಳ್ತೀನಿ. ನಿಮಗ ಮುಂಜಾನಿ ಹೊರಕಡಿಗೆ ಸರಿಯಾಗಿ ಆಗತೈತೇನ್ರಿ?"

ಆಗುತ್ತದೆ ಎಂದರೆ ಮೂರು ತಲೆಮಾರಿನ ಮಾನ ಉಳಿಯುತ್ತಿತ್ತು, ಮಗಳ ಸಂಬಂಧ ಮುರಿಯುತ್ತಿತ್ತು. ಶಾಂತವ್ವ ನನ್ನ ಕಡೆ ನೋಡಿದಳು. ಉತ್ತರ ಅವಳಿಗೆ ಯಾವಾಗಲೋ ಗೊತ್ತಿತ್ತು ಎಂಬುದು ಆಗ ನನಗೆ ತಿಳಿಯಿತು. "ಇಲ್ರಿ ಅಕ್ಕಾರ" ಎಂದೆ. "ಭಾಳ ದಿವಸ ಆತು, ನನ್ನ ಹೊಟ್ಟಿ ನನ್ನ ಮಾತು ಕೇಳವಲ್ದು." ಹುಡುಗ ಜಗ್ಗಿನೊಂದಿಗೆ ಒಳಗೆ ಓಡಿದ, ನಗುವುದಕ್ಕೆ. ಬೀಗರು ಹೋಳಿಗೆಯನ್ನು ಬುಟ್ಟಿಗೆ ಹಾಕಿ ಉಸಿರು ಬಿಟ್ಟರು. "ಅಷ್ಟ ಏನ್ರಿ? ನಾವು ಹೆದರಿಬಿಟ್ಟಿದ್ವಿ." ಬೀಗತಿ ಮಾತ್ರ ನಗಲಿಲ್ಲ. "ಕಣ್ಣು ಬಾತಾವು, ದನಿ ಒಡದೈತಿ, ಇಂಥಾ ಬಿಸಲಾಗ ಸ್ವೆಟರ್ ಹಾಕ್ಕೊಂಡೀರಿ. ನನಗೂ ಹಿಂಗ ಆಗಿತ್ತು, ಈಗೂ ದಿನಾ ಗುಳಿಗಿ ನುಂಗತೀನಿ. ಥೈರಾಯ್ಡ್ ತೋರಸ್ರಿ" ಎಂದರು.

ಕೊಪ್ಪಳದ ಡಾಕ್ಟರು ರಕ್ತ ತಪಾಸಣೆಯ ರಿಪೋರ್ಟು ನೋಡಿ ನನ್ನ ಕುತ್ತಿಗೆ ಒತ್ತಿದರು. ತೊಂದರೆ ಬಹಳ ಕೆಳಗಿದೆ ಎಂದು ನೆನಪಿಸಿದೆ. ನನ್ನ ಕಸುಬು ಕೇಳಿಕೊಂಡು ಅವರು ಹೇಳಿದರು: "ನಿಮ್ಮ ಮೋಟಾರ್ ಛಲೋ ಐತಿ, ವೋಲ್ಟೇಜ್ ಬಿದ್ದೈತಿ. ಈ ಕುತ್ತಿಗಿ ಗ್ರಂಥಿ ಬಿಡೋ ಹಾರ್ಮೋನು ರಕ್ತದಾಗ ಹೋಗಿ ಕರುಳಿಗೆ ನಡಿ ನಡಿ ಅನ್ನಬೇಕು. ಅದು ಕಡಿಮಿ ಆಗೈತಿ, ಕರುಳು ನಿಧಾನ ಆಗೈತಿ." ಅದೇಕೆ ಕಡಿಮೆಯಾಯಿತು ಎಂದೆ. "ಮೈ ಕಾಯೋ ರಕ್ಷಣಾ ಕಣಗಳಿಗೆ ತಪ್ಪು ಸುದ್ದಿ ಮುಟ್ಟೈತಿ. ಮನಿ ಮಂದಿನ್ನ ಕಳ್ಳರಂತ ತಿಳಿದು, ನಿಮ್ಮ ಗ್ರಂಥಿನ್ನ ಬಡ್ಯಾಕತ್ತಾವ." "ಅಂದ್ರ ಹೊಟ್ಟಿದು ಏನೂ ತಪ್ಪಿಲ್ಲೇನ್ರಿ?" "ಹೊಟ್ಟಿದು ಏನೂ ತಪ್ಪಿಲ್ಲ." ಆ ಮಾತು ಕೇಳಿ ಅಪ್ಪನ ಆತ್ಮಕ್ಕೂ ಶಾಂತಿ ಸಿಕ್ಕಿರಬೇಕು. ಹೊರಡುವಾಗ ಡಾಕ್ಟರು, "ಗಂಡಸರಿಗೆ ಇದು ಬರೋದು ಕಡಿಮಿ" ಎಂದರು. ಅದನ್ನು ನಾನು ಪ್ರಶಸ್ತಿಯಂತೆ ಮನೆಗೆ ತಂದೆ.

ಖಾಲಿ ಹೊಟ್ಟೆಯಲ್ಲಿ ಗುಳಿಗೆ, ಆಮೇಲೆ ಚಹಾಕ್ಕೆ ಕಾಯುವ ಶಿಕ್ಷೆ. ಕೆಲವು ವಾರಗಳಲ್ಲಿ ಹೊಟ್ಟೆ ಮತ್ತೆ ನೌಕರಿಗೆ ಹಾಜರಾಯಿತು. ಇದೇ ಗುಳಿಗೆ ನುಂಗುವ ಓಣಿಯ ಹೆಂಗಸರು, "ನಿಮ್ಮದು ಎಷ್ಟು ಪವರಿನ ಗುಳಿಗಿ ರೀ?" ಎಂದು ಸರೀಕರಂತೆ ವಿಚಾರಿಸತೊಡಗಿದರು. ಅಂಗಡಿಯ ಬೆಂಚಿನ ಮೇಲೆ ಕೂತವರಿಗೆ ಈಗ ರೊಟ್ಟಿಯ ಬದಲು ಹಾರ್ಮೋನಿನ ಪಾಠ. ಕುಷ್ಟಗಿಯಿಂದ ಯಲಬುರ್ಗಾದವರೆಗೆ ಈ ರೋಗವಿರುವ ಗಂಡಸು ನಾನೊಬ್ಬನೇ ಎಂದು ಹೇಳಿ ಪಾಠ ಮುಗಿಸುತ್ತಿದ್ದೆ.

ನಿಶ್ಚಯದ ದಿನ ಊಟದ ಸಾಲಿನಲ್ಲಿ ಇದನ್ನೇ ಹೇಳುತ್ತಿದ್ದಾಗ ಬೀಗರು ಕೈ ಹಿಡಿದು ಪೆಂಡಾಲಿನ ಹಿಂದೆ ಕರೆದೊಯ್ದರು. ಅಲ್ಲಿ ಅವರು ಹೇಳಿದ್ದು ಗುಟ್ಟು, ಆದರೆ ಮೊನ್ನೆ ಅವರು ಮನೆಯಲ್ಲಿ ಹೆಂಡತಿಯ ಕೈಗೆ ಸಿಕ್ಕಿಬಿದ್ದಿರುವುದರಿಂದ ಈಗ ಬರೆಯಲು ಅಡ್ಡಿಯಿಲ್ಲ. "ಬೀಗರ, ನಿಮ್ಮ ಧೈರ್ಯ ದೊಡ್ಡದ್ರಿ" ಎಂದರು. "ಮಗಳ ಸಲುವಾಗಿ ನಾಕು ಮಂದಿ ಮುಂದ ಹೇಳಿಬಿಟ್ರಿ. ನನಗೂ ಇದ ಐತಿ. ವರ್ಷಗಟ್ಲೆ ಆತು, ಮನ್ಯಾಗ ಹೇಳಿಲ್ಲ. ನಮ್ಮಾಕಿ ಗುಳಿಗಿ ಡಬ್ಬಿಯಾಗಿಂದನ ತಗದು ನುಂಗತೀನಿ. ಗುಳಿಗಿ ಲಗೂನ ತೀರತಾವಂತ ಆಕಿ ಮೆಡಿಕಲ್‌ನವನ ಕೂಡ ಜಗಳಾಡತಾಳ." ಮೀಸೆಯ ಆ ಗಟ್ಟಿ ಆಳಿನ ಕಣ್ಣು ತೇವವಾಗಿತ್ತು. ನನ್ನ ಮಗಳು ಬಾಳಬೇಕಾದ ಮನೆಯ ಯಜಮಾನರು ಹೀಗೆ ಮನಸ್ಸು ಬಿಚ್ಚಿದಾಗ ನನ್ನ ಎದೆ ತುಂಬಿಬರಬೇಕಿತ್ತು. ಕೈ ಒತ್ತಿ, ಯಾರಿಗೂ ಹೇಳುವುದಿಲ್ಲ ಎಂದು ಮಾತನ್ನೇನೋ ಕೊಟ್ಟೆ. ಆದರೆ ಒಳಗೆ ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಈ ರೋಗದಲ್ಲೂ ನಾನು ಮೊದಲನೆಯವನಲ್ಲ, ಇವರೇ ನನಗಿಂತ ಸೀನಿಯರ್.