ಮೇರಿಯ ಮದುವೆಗೆ ಹೊತ್ತ ಹರಕೆ

ಈ ಸಂಗತಿಯನ್ನು ಬರೆದುಬಿಡಬೇಕೆಂದು ಯುಗಾದಿಯಿಂದ ಅಂದುಕೊಳ್ಳುತ್ತಿದ್ದೇನೆ. ಹಬ್ಬದ ದಿನ ಬೇಡವೆಂದೆ, ಶ್ರಾವಣದಲ್ಲಿ ಪೂಜೆಗಳಿದ್ದವು, ದಸರೆಗೆ ನೆಂಟರು ಬಂದರು. ಪಾಪ ಮಾಡುವಾಗ ನೋಡದ ಮುಹೂರ್ತವನ್ನು ಒಪ್ಪಿಕೊಳ್ಳುವಾಗ ಯಾಕೆ ನೋಡುತ್ತೇವೋ ತಿಳಿಯದು. ಹಾಗಂತ ಕೊಲೆಯನ್ನೇನೂ ಮಾಡಿಲ್ಲ. ಕಂಡರಿಯದ ಒಬ್ಬ ಬಿಳಿಯ ಹೆಂಗಸಿನ ಬಾಳನ್ನು ನಮ್ಮ ಪಡಸಾಲೆಯಲ್ಲಿ ಕೂತು ನಾನೇ ಕಟ್ಟಿದೆ, ಅಷ್ಟೆ.

ಅಳಿಯ ತನ್ನ ಹಳೆಯ ಫೋನನ್ನು ನನಗೆ ದಾಟಿಸಿದ ಮೇಲೆ ಅದರಲ್ಲಿ ಇಂಗ್ಲೆಂಡಿನ ನಗೆನಾಟಕಗಳು ತಾವಾಗಿಯೇ ಬರತೊಡಗಿದವು. ಅವುಗಳಲ್ಲೊಬ್ಬ ವಯಸ್ಸಾದ ನಟಿ. ದುಂಡು ಮುಖ, ಹೂವಿನ ಟೋಪಿ. ಚಹಾದ ಕಪ್ಪು ಹಿಡಿದು, ಬಹಳ ಗತ್ತಿನಿಂದ, ಕುರ್ಚಿ ಇಲ್ಲದ ಕಡೆ ಕೂತುಬಿಡುತ್ತಾಳೆ. ನಮ್ಮ ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮದುವೆಯಾದಾಗಿನಿಂದ ನನ್ನ ಜೋಕುಗಳಿಗೆಲ್ಲ "ಹ್ಞೂಂ, ಉಣ್ಣಾಕ ಏಳ್ರಿ" ಎಂದ ಬಾಯಿ ಅದು. "ಏನಂದ್ಲುರಿ ಆಕಿ?" ಎಂದು ನನ್ನನ್ನು ಕೇಳುವಳು. ನನ್ನದು ಹೈಸ್ಕೂಲು ಮುಗಿಸಿ ಆಂಧ್ರದ ಗಡಿಯ ನಮ್ಮೂರು ಆದೋನಿಯ ಹತ್ತಿ ಮಂಡಿಯಲ್ಲಿ ಸವೆದ ಇಂಗ್ಲಿಷು. ಬೇಲು, ಲಾಟು, ಸ್ಯಾಂಪಲ್ಲು ದಾಟಿದರೆ ಅದರ ಕಾಲು ನಡುಗುತ್ತದೆ. ಆದರೆ ಓಣಿಯವರಿಗೆಲ್ಲ ಔಷಧಿ ಚೀಟಿ, ಬ್ಯಾಂಕಿನ ನೋಟೀಸು ಓದಿ ಹೇಳುವವನು ನಾನೇ. ತಿಳಿಯಲಿಲ್ಲ ಎನ್ನುವುದು ಹೇಗೆ? ಬಾಯಿಗೆ ಬಂದದ್ದು ಹೇಳಿದೆ. ಅದಕ್ಕೂ ನಕ್ಕಳು. ಅಂದರೆ ನಕ್ಕದ್ದು ನನ್ನ ಜೋಕಿಗೇ, ಹೆಸರು ಮಾತ್ರ ಆ ನಟಿಗೆ ಹೋಯಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಪಕ್ಕದ ಮನೆಯ ತೆಲುಗಿನ ಲಕ್ಷ್ಮಮ್ಮನೂ ಬಂದು ಕೂರತೊಡಗಿದಳು. ಅವಳೇ ಒಂದು ದಿನ, "ಅಣ್ಣಾ, ಇಷ್ಟು ನಗಸೋ ಆಕಿಗೆ ಮನಿಯಾಗ ಏನೋ ಕಷ್ಟ ಇರ್ಬೇಕು ಕದಾ?" ಎಂದಳು. ಇಲ್ಲ ಎಂದರೆ ಇಬ್ಬರಿಗೂ ನಿರಾಸೆ. ಹೀಗಾಗಿ ನಟಿಯ ಅಪ್ಪನನ್ನು ಬಟ್ಟೆ ಗಿರಣಿಯ ಕೂಲಿ ಮಾಡಿದೆ. ಗಿರಣಿಗೆ ಹತ್ತಿ ಹೋದದ್ದು ನಮ್ಮ ಆದೋನಿಯಿಂದಲೇ ಎಂದೆ. ಹುಡುಗಿ ಅಲ್ಲಿ ಮೇಸ್ತ್ರಿಯ ನಡಿಗೆಯನ್ನು ಅಣಕಿಸುವಾಗ ನಾಟಕ ಕಂಪನಿಯ ಮಾಲೀಕ ನೋಡಿ ಕರೆದೊಯ್ದ. ಕಟ್ಟಿಕೊಂಡ ಗಂಡನೋ, ಇಸ್ಪೀಟಿನವನು.

"ಅಯ್ಯೋ ಪಾಪಂ. ಮಕ್ಕಳೆಷ್ಟು?" ಎಂದಳು ಲಕ್ಷ್ಮಮ್ಮ.

"ಒಬ್ಬಾಕಿ. ಮೇರಿ ಅಂತ." ಬೇರೆ ಹೆಸರು ಹೊಳೆಯಲಿಲ್ಲ.

"ಮದುವಿ ಆಗೇತೇನ್ರಿ?" ಎಂದಳು ನಮ್ಮಾಕೆ.

"ಎಲ್ಲಿ ಮದುವಿ. ವಯಸ್ಸು ಮೀರೇತಿ." ಕಥೆಗೆ ಸ್ವಲ್ಪ ತೂಕ ಬರಲಿ ಎಂದು ಹೇಳಿದ ಮಾತು ಅದು.

ಮುಂದಿನ ಗುರುವಾರ ನಮ್ಮಾಕೆ ಬೆಳಗಿನ ಊಟ ಬಿಟ್ಟಳು. "ರಾಯರಿಗೆ ಬೇಡಿಕೊಂಡೀನ್ರಿ. ಮೇರಿ ಮದುವಿ ಆಗೋತನಕ ಗುರುವಾರ ಒಪ್ಪೊತ್ತು. ಆದ ಮ್ಯಾಲೆ ಮಂತ್ರಾಲಯದಾಗ ಹೆಜ್ಜೆ ನಮಸ್ಕಾರ."

"ಅವರು ಕಿರಸ್ತಾನರು," ಎಂದೆ.

"ರಾಯರು ಅದನ್ನ ಕೇಳ್ತಾರೇನು? ನೀವ ಕೇಳ್ತೀರಿ."

ಅವಳಿಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ನಾಲ್ಕು ವಾರಕ್ಕೆ ಮರೆತಾಳು ಎಂದುಕೊಂಡೆ. ಮರೆಯಲಿಲ್ಲ. ಒಂದು ಗುರುವಾರ ರೊಟ್ಟಿ ಬಡಿಯುತ್ತಿದ್ದವಳು ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡಳು. ಬೆಲ್ಲದ ನೀರು ಕುಡಿಸಿದೆ. ನಿಜ ಹೇಳಲೆಂದು ಬಾಯಿ ತೆರೆದೆ, ಹೊರಬಿದ್ದದ್ದು ಬೇರೆ. ಫೋನು ತೆಗೆದು ಕನ್ನಡಕ ಏರಿಸಿ, "ಇಲ್ಲಿ ಬಂದೈತಿ ನೋಡು, ಮೇರಿ ಮದುವಿ ಆತಂತ," ಎಂದೆ.

"ಖರೇನ? ಹುಡುಗ ಏನ್ ಮಾಡ್ತಾನ?"

"ಬ್ಯಾಂಕಿನಾಗ ಅದಾನ."

"ಕುಡಿಯಂಗಿಲ್ಲಲ್ಲ?"

"ಚಹಾ ಸೈತ ಕುಡಿಯಂಗಿಲ್ಲ."

ಅವಳ ಮುಖ ಸ್ವಂತ ಮಗಳನ್ನು ಧಾರೆಯೆರೆದವಳ ಹಾಗೆ ಅರಳಿತು. ಉಪವಾಸ ತಪ್ಪಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ, "ಹಂಗಾರ ನಡೀರಿ ಮಂತ್ರಾಲಯಕ್ಕ, ಹರಕಿ ತೀರಿಸಬೇಕು," ಎಂದಳು. ಮದುವೆ ಮಾಡಿಸುವ ಅವಸರದಲ್ಲಿ ಹರಕೆಯ ಎರಡನೆಯ ಭಾಗ ನನ್ನ ತಲೆಯಿಂದ ಜಾರಿತ್ತು.

ಹೆಜ್ಜೆ ನಮಸ್ಕಾರವೆಂದರೆ ಒಂದೊಂದು ಹೆಜ್ಜೆಗೂ ಮಂಡಿಯೂರಿ ತಲೆ ನೆಲಕ್ಕೆ ತಾಗಿಸಿ ಏಳುವುದು. ಅವಳ ಮಂಡಿಗಳು ಬಸ್ಸಿನ ಮೆಟ್ಟಿಲನ್ನೇ ಒಪ್ಪುವುದಿಲ್ಲ. "ನಿನ್ನ ಬದಲು ನಾ ಹಾಕ್ತೀನಿ," ಎಂದೆ. ತುಂಗಭದ್ರೆಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲಿ ಶುರು ಮಾಡಿದೆ. ಇಲ್ಲದ ಮಗಳ, ಆಗದ ಮದುವೆಗೆ ಹೊತ್ತ ಹರಕೆಯನ್ನು ರಾಯರು ಯಾವ ಖಾತೆಗೆ ಹಾಕಿಕೊಂಡರೋ. ಪ್ರತಿ ಸಲ ಬಾಗಿದಾಗ ಈಗ ಹೇಳುತ್ತೇನೆ ಎಂದುಕೊಂಡೆ, ಪ್ರತಿ ಸಲ ಎದ್ದಾಗ ಸೊಂಟ ಹಿಡಿದುಕೊಂಡು ಮುಂದಿನ ಹೆಜ್ಜೆ ಇಟ್ಟೆ. ಅವಳು ಟವೆಲ್ಲು ಹಿಡಿದು ಪಕ್ಕದಲ್ಲೇ ಬರುತ್ತಿದ್ದಳು. ರಾಯಚೂರು ಕಡೆಯ ಯಾರೋ ಹೆಂಗಸು, "ಯಾರ ಸಲುವಾಗಿ ಹರಕಿ ಯಕ್ಕಾ?" ಎಂದು ಕೇಳಿದ್ದು ಕಿವಿಗೆ ಬಿತ್ತು.

"ಯಾರೋ ಪರದೇಶದಾಕಿ ಮಗಳಿಗಮ್ಮಾ. ನಮಗೇನೂ ಆಗ್ಬೇಕಿಲ್ಲ. ಹರಕಿ ನಂದು, ನೋವು ಇವರು ತಗೊಂಡಾರ. ಇಂಥ ಗಂಡ ಯಾರಿಗೆ ಸಿಗತಾನ ಹೇಳು."

ನಾನು ತಲೆ ನೆಲಕ್ಕೆ ಹಚ್ಚಿದವನು ಸ್ವಲ್ಪ ಹೊತ್ತು ಎತ್ತಲಿಲ್ಲ. ಅದನ್ನೂ ಆ ಹೆಂಗಸು ಭಕ್ತಿ ಎಂದುಕೊಂಡು ಕೈಮುಗಿದಳು.

ಈಗ ಎಲ್ಲವನ್ನೂ ಬರೆದಿದ್ದೇನೆ. ಕನ್ನಡದಲ್ಲಿ ಬರೆದದ್ದಕ್ಕೂ ಕಾರಣವಿದೆ. ಮನೆಯಾಕೆ ಓದಿದ್ದು ತೆಲುಗು ಶಾಲೆಯಲ್ಲಿ, ಕನ್ನಡ ಆಡುತ್ತಾಳೆಯೇ ಹೊರತು ಓದುವುದಿಲ್ಲ. ಇದರಲ್ಲಿ ಏನು ಬರೆದೀರಿ ಎಂದು ಅವಳು ಕೇಳಿದರೆ ಓದಿ ಹೇಳಬೇಕಾದವನೂ ನಾನೇ. ಹೆಂಡತಿಯ ಹೆಸರು ಹಿಡಿಯುವುದು ನಮ್ಮ ಕಾಲದವರ ರೂಢಿಯಲ್ಲ. ಆದರೂ ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವ ಆಕೆಯ ಹೆಸರು ಗೌರಮ್ಮ.