ನನ್ನ ಮಗಳಿಗೆ ನಾನು ಕಾಕಾ

ಎಲ್ಲಿ ಹೋದರೂ ಇಂಥ ಫಜೀತಿ ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಮಗಳು ಬಾಯಿ ತೆರೆದರೆ ಸಾಕು, ಸುತ್ತ ಯಾರಿದ್ದಾರೆಂದು ನೋಡುತ್ತೇನೆ.

ಬೊರಿವಲಿಯ ಎರಡು ಕೋಣೆಗಳಲ್ಲಿ ಅಣ್ಣನ ಸಂಸಾರ, ನನ್ನ ಸಂಸಾರ ಒಟ್ಟಿಗೇ ಇವೆ. ಅಣ್ಣನ ಮಕ್ಕಳು ಅಣ್ಣನಿಗೆ ಅಪ್ಪಾ ಎನ್ನುತ್ತಾರೆ, ನನಗೆ ಕಾಕಾ. ಅವರನ್ನು ಕೇಳಿಯೇ ಮಾತು ಕಲಿತ ನನ್ನ ಮಗಳೂ ಹಾಗೆಯೇ ಕರೆಯತೊಡಗಿದಳು. ನಮ್ಮ ಧಾರವಾಡದ ಕಡೆ ಕೂಡು ಕುಟುಂಬಗಳಲ್ಲಿ ಇದು ಮಾಮೂಲು. ಮುಂಬಯಿಗೆ ಇದು ಗೊತ್ತಿಲ್ಲ.

ಅಣ್ಣನ ಕೆಮ್ಮು

ತಿದ್ದೋಣವೆಂದರೆ ಅಣ್ಣನ ಭಯ. ಹಿರಿಯರ ಎದುರು ಸ್ವಂತ ಮಗುವನ್ನು ಎತ್ತಿ ಮುದ್ದಾಡುವುದೇ ನಮ್ಮಲ್ಲಿ ಅಗೌರವ. ಇನ್ನು ‘ನಾನೇ ನಿನ್ನಪ್ಪ’ ಎನ್ನುವುದುಂಟೆ? ಒಂದು ಭಾನುವಾರ ಧೈರ್ಯ ಮಾಡಿ, ಅಡುಗೆಮನೆಯ ಮೂಲೆಯಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಿಸುಗುಟ್ಟಿದೆ: “ಪುಟ್ಟಿ, ನನಗ ಅಪ್ಪಾ ಅನ್ನು.”

ಹೊರಗೆ ಅಣ್ಣ ಕೆಮ್ಮಿದರು. ನಾನು ಬೆಚ್ಚಿ ಅವಳನ್ನು ಕೆಳಗಿಳಿಸಿದೆ. ಅವಳು ನೆಟ್ಟಗೆ ಅಲ್ಲಿಗೇ ಓಡಿದಳು.

“ಅಪ್ಪಾ, ಈ ಕಾಕಾ ನನಗ ಅಪ್ಪಾ ಅನ್ನು ಅನ್ನಾಕತ್ತಾನ!”

ನಾನು ಬಚ್ಚಲಿಗೆ ಹೊಕ್ಕು, ಸ್ನಾನ ಮಾಡುವವನಂತೆ ಅರ್ಧ ಗಂಟೆ ಕೂತೆ. ಆ ಹೊತ್ತಿನಲ್ಲಿ ನಮ್ಮ ಬಿಲ್ಡಿಂಗಿಗೆ ನೀರೇ ಬರುವುದಿಲ್ಲವೆಂದು ಅಣ್ಣನಿಗೂ ಗೊತ್ತಿತ್ತು.

ಅಡ್ಮಿಷನ್

ಶಾಲೆಯ ಮೇಡಂ ಮಗಳಿಗೆ ಅಪ್ಪನ ಹೆಸರು ಕೇಳಿದರು. ಅವಳು ಅಣ್ಣನ ಹೆಸರನ್ನು ಸ್ಪಷ್ಟವಾಗಿ ಹೇಳಿದಳು.

“ಹಾಗಾದರೆ ಇವರು?”

“ಕಾಕಾ.”

ಅರ್ಜಿಯಲ್ಲಿ ನನ್ನ ಹೆಸರಿತ್ತು. ಮೇಡಂ ಹುಬ್ಬೇರಿಸಿ ನನ್ನ ಹೆಂಡತಿಯ ಕಡೆ ತಿರುಗಿದರು. “ನಿಮ್ಮ ಗಂಡನ ಹೆಸರು ನೀವೇ ಹೇಳಿ.”

ಗಂಡನ ಹೆಸರು ಬಾಯಲ್ಲಿ ತರಬಾರದೆಂದು ಕಲಿತು ಬೆಳೆದವಳು ತಲೆ ತಗ್ಗಿಸಿ ಸುಮ್ಮನೆ ಕೂತಳು. ಸೀಟು ಹೋಯಿತೆಂದುಕೊಂಡೆ. ಮೇಡಂ ಅವಳಿಗೆ ನೀರು ಕೊಟ್ಟು, ಮೆಲ್ಲನೆ ಹೇಳಿದರು:

“ಹೆದರಬೇಡಿ. ಬೇಕಾದರೆ ಈ ಮನುಷ್ಯನನ್ನು ಹೊರಗೆ ಕಳಿಸುತ್ತೇನೆ.”

ಸ್ಟೇಷನ್

ಕಳೆದ ತಿಂಗಳು ಬೊರಿವಲಿ ಸ್ಟೇಷನ್ನಿನಲ್ಲಿ ಲೋಕಲ್ ಬರುವ ಹೊತ್ತಿಗೆ ಮಗಳು ವಡಾಪಾವ್ ಬೇಕೆಂದು ನೆಲಕ್ಕೆ ಕೂತಳು. ನಾನು ರಟ್ಟೆ ಹಿಡಿದು ಎಳೆದೆ. ಬಿಡು, ಅಪ್ಪನ ಹತ್ತಿರ ಹೋಗಬೇಕೆಂದು ಅವಳು ಹಿಂದಿಯಲ್ಲಿ ಚೀರಿದಳು: “ಕಾಕಾ, ಛೋಡೋ! ಅಪ್ಪಾ ಕೇ ಪಾಸ್ ಜಾನಾ ಹೈ!”

“ಬಚ್ಚಾ ಚೋರ್!” ಎಂದು ಯಾರೋ ಕೂಗಿ ನನ್ನನ್ನು ಮಕ್ಕಳ ಕಳ್ಳನನ್ನಾಗಿ ಮಾಡಿದರು. ಜನ ಮುತ್ತಿಕೊಂಡರು. ಒಬ್ಬ ನನ್ನ ಕಾಲರ್ ಹಿಡಿದ. ಇವಳು ನನ್ನ ಮಗಳು ಎಂದರೆ, “ಮಗಳು ಕಾಕಾ ಅಂತಾಳೇನು?” ಎಂದ. ನನಗೆ ನಿಜಕ್ಕೂ ಜೀವಭಯವಾಯಿತು. ಗುಂಪು ಹೊಡೆದ ಮೇಲೆಯೇ ವಿಚಾರಿಸುವುದು.

ಪುಣ್ಯಕ್ಕೆ ಒಬ್ಬ ಮಹಿಳಾ ಪೊಲೀಸ್ ಬಂದು ನಮ್ಮನ್ನು ಚೌಕಿಗೆ ಕರೆದೊಯ್ದು ಮನೆಗೆ ಫೋನ್ ಮಾಡಿದರು. ಅಣ್ಣ ಓಡೋಡಿ ಬಂದರು. ಅವರನ್ನು ಕಂಡೊಡನೆ ನಾನು ರೂಢಿಯಂತೆ ಎದ್ದು, ಕೈ ಕಟ್ಟಿ, ತಲೆ ತಗ್ಗಿಸಿ ನಿಂತೆ.

“ನೋಡಿ, ಅಸಲಿ ಅಪ್ಪ ಬಂದ ಕೂಡಲೇ ಹೇಗೆ ನಡುಗುತ್ತಿದ್ದಾನೆ!” ಎಂದರು ಆಕೆ.

ನಾನು ಅತ್ತೇಬಿಟ್ಟೆ. ನನ್ನ ಕಣ್ಣೀರು ಕಂಡು ಹೆದರಿದ ಮಗಳು ಕಾಲು ತಬ್ಬಿಕೊಂಡು, ಮೊದಲ ಸಲ ನನಗೆ “ಅಪ್ಪಾ!” ಎಂದಳು. ಅಣ್ಣ ಅವಳ ತಲೆ ಸವರಿದರು. “ಹೌದವಾ, ಅವನಽ ನಿಮ್ಮಪ್ಪ. ಇನ್ನ ಮುಂದ ಹಂಗ ಕರಿ.”

ಅಂದಿನಿಂದ ನಾನು ಅಪ್ಪನಾದೆ, ಆದರೆ ನಿಶ್ಚಿಂತನಾಗಲಿಲ್ಲ. ಖಾಕಿ ಕಂಡಲ್ಲೆಲ್ಲ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದು, ಯಾರೂ ಕೇಳದಿದ್ದರೂ ನಾನು ಅಸಲಿ ಅಪ್ಪನೆಂದು ಕೂಗುತ್ತಾಳೆ:

“ಅಂಕಲ್, ಯೇ ಸಚ್ಚೀವಾಲಾ ಅಪ್ಪಾ ಹೈ! ಬಚ್ಚಾ ಚೋರ್ ನಹೀಂ ಹೈ!”

ಈವರೆಗೆ ಮೂವರು ಪೊಲೀಸರು ನನ್ನ ಆಧಾರ್ ಕಾರ್ಡ್ ನೋಡಿದ್ದಾರೆ.