ಭಾವನ ಎಂ.ಟೆಕ್

ನಮ್ಮ ಭಾವನಿಗೆ ಮನುಷ್ಯರು ಹೇಳಿದ್ದು ಕೇಳುವುದಿಲ್ಲ, ಪಂಪುಗಳು ಹೇಳಿದ್ದು ಮಾತ್ರ ಕೇಳುತ್ತದೆ! ಇದು ನನ್ನ ಆರೋಪವಲ್ಲ, ಅಕ್ಕನದು. ಮದುವೆಯಾದ ಯಾವ ಹೆಂಗಸು ಗಂಡನ ಮೇಲೆ ಇಂಥ ಆರೋಪ ಹೊರಿಸಿಲ್ಲ, ಹೇಳಿ? ಆದ್ದರಿಂದ ನಾವು ಯಾರೂ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬೇಕಿತ್ತು.

ಭಾವ ನೆಲ್ಯಾಡಿಯವರು. ನಮ್ಮ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಅಂದರೆ, ಹುಡುಗರು ಲೇತ್ ಯಂತ್ರಕ್ಕೆ ಬೆರಳು ಕೊಡದಂತೆ ಕಾಯುವ ಕೆಲಸ. ಅವರಿಗೆ ಬೇಕಾಗಿದ್ದದ್ದು ಕ್ಲಾಸ್‌ರೂಮು. ಕಪ್ಪು ಹಲಗೆಯ ಮುಂದೆ ಚಾಕ್‌ಪೀಸು ಹಿಡಿದು ನಿಂತು, ಒಂದು ಯಂತ್ರ ಯಾಕೆ ಹಾಗೆ ತಿರುಗುತ್ತದೆ ಎಂದು ಅರವತ್ತು ತಲೆಗಳಿಗೆ ಹೇಳಬೇಕು. ಅದಕ್ಕೆ ಎಂ.ಟೆಕ್ ಆಗಲೇಬೇಕು. ಹಾಗಾಗಿ ಹಣೆ ನೆತ್ತಿಯವರೆಗೆ ವಿಸ್ತರಿಸಿದ ಮೇಲೆ, ಮಗಳು ಹೈಸ್ಕೂಲು ಸೇರಿದ ವರ್ಷವೇ, ಅವರು ಮೆಕ್ಯಾನಿಕಲ್ ಎಂ.ಟೆಕ್‌ಗೆ ಸೇರಿದರು.

"ಅಪ್ಪ, ಮಗಳು ಒಂದೇ ಮೇಜಲ್ಲಿ ಓದುದು. ಇಬ್ಬರಲ್ಲಿ ಯಾರಿಗೆ ಬೈಯುದು ಅಂತಲೇ ಗೊತ್ತಾಗುದಿಲ್ಲ" ಎಂದು ಅಕ್ಕ ನನಗೆ ಫೋನಿನಲ್ಲಿ ಹೇಳುತ್ತಿದ್ದಳು.

ಭಾವನ ಥೀಸಿಸ್ ಪಂಪುಗಳ ಬೇರಿಂಗ್ ಮೇಲೆ. ಬೇರಿಂಗ್ ಎಂದರೆ ತಿರುಗುವ ದಂಡವನ್ನು ಹಿಡಿದುಕೊಂಡಿರುವ, ಒಳಗೆ ಗುಂಡುಗಳಿರುವ ಉಕ್ಕಿನ ಬಳೆ. ಅಷ್ಟು ನನಗೂ ಅರ್ಥವಾಗಿದೆ. ಅದು ಪೂರ್ತಿ ಕೆಡುವ ಮೊದಲೇ, ಪಂಪಿನ ಕಂಪನದಿಂದ ರೋಗವನ್ನು ಕಂಡುಹಿಡಿಯುವುದು. ಕಂಪನ ಅಳೆಯಲು ಸೆನ್ಸರ್ ಇತ್ತು. ಆದರೆ ಭಾವ ಮೊದಲು ನಂಬುತ್ತಿದ್ದದ್ದು ಒಂದು ಉದ್ದದ ಸ್ಕ್ರೂಡ್ರೈವರನ್ನು. ಅದರ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಕೊಟ್ಟು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಹಳೇ ಮೆಕ್ಯಾನಿಕರು ಹೀಗೆ ಮಾಡುವುದುಂಟಂತೆ. ಆದರೆ ಅವರು ಅದನ್ನು ಗ್ಯಾರೇಜಿನಲ್ಲಿ ಮಾಡುತ್ತಾರೆ. ಭಾವ ಮಾಡಿದ್ದು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ!

ಸುಬ್ರಹ್ಮಣ್ಯದ ಬಸ್ಸು. ಜನ ತುಂಬಿತ್ತು, ಎಂಜಿನ್ ಚಾಲೂ ಇತ್ತು. ಡ್ರೈವರ್ ಚಾ ಕುಡಿಯಲು ಇಳಿದಿದ್ದ. ಭಾವ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಎಂಜಿನ್ ಮೇಲಿನ ಮುಚ್ಚಳಕ್ಕೆ ಒತ್ತಿ ಕಣ್ಣು ಮುಚ್ಚಿದರು.

"ಎಂತ ಮಾರಾಯ್ರೆ, ಬಸ್ಸಿಗೆ ಜ್ವರ ಉಂಟಾ?" ಎಂದ ಕಂಡಕ್ಟರ್.

ಭಾವ ಒಂದು ಬೆರಳೆತ್ತಿ ಸುಮ್ಮನಿರಿಸಿದರು. ಆಮೇಲೆ ಡಾಕ್ಟರರ ಗಾಂಭೀರ್ಯದಿಂದ ಎಲ್ಲರಿಗೂ ಕೇಳುವಂತೆ ಹೇಳಿದರು: "ಕಡಬದವರೆಗೆ ತೊಂದರೆ ಇಲ್ಲ."

ಕಡಬದಿಂದ ಆಚೆ ಹೋಗುವವರೆಲ್ಲ ಇಳಿದರು. ಬಸ್ಸು ಸುಬ್ರಹ್ಮಣ್ಯಕ್ಕೆ ಹೋಗಿ ಆರಾಮವಾಗಿ ತಿರುಗಿ ಬಂತು. ಅದನ್ನು ಹೇಳಿದರೆ ಭಾವ, "ಬಂದದ್ದು ಅದರ ಅದೃಷ್ಟ" ಎಂದರು.

ನೆಲ್ಯಾಡಿಯಲ್ಲಿ ಪಂಪು ಮಾರುವ ಹಮೀದ್ ಅವರ ಗೆಳೆಯ. ಭಾವ ಹಮೀದನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ಹೊಸ ಪಂಪುಗಳ ಎದೆ ಪರೀಕ್ಷೆ ಮಾಡಿ, "ಇದರ ಹಿಂದಿನ ಬೇರಿಂಗ್ ಸಂಶಯ" ಎಂದು ಷರಾ ಬರೆಯುತ್ತಿದ್ದರು. "ಮಾರಾಯ್ರೆ, ನಿಮ್ಮ ಎಂ.ಟೆಕ್ ಮುಗಿಯುವ ಮೊದಲು ನನ್ನ ಅಂಗಡಿ ಮುಗೀತದೆ!" ಎಂದು ಹಮೀದ್ ಕೈಮುಗಿಯುತ್ತಿದ್ದ.

ಕಿವಿಯ ವಿಷಯ ಮೊದಲು ಕಂಡುಹಿಡಿದದ್ದೂ ಹಮೀದನೇ. ಒಂದು ದಿನ ಭಾವನ ಬೆನ್ನ ಹಿಂದೆ ನಿಂತು "ಚಾ ತರಿಸುದಾ?" ಎಂದು ಕೇಳಿದ. ಉತ್ತರವಿಲ್ಲ. ಮತ್ತೆ ಕೇಳಿದ. ಇಲ್ಲ. ಬಿಟ್ಟಿ ಚಾವನ್ನು ಭಾವ ಬೇಡ ಎನ್ನುವುದುಂಟೇ? ಹಮೀದ್ ಅವರನ್ನು ಪುತ್ತೂರಿಗೆ, ಕಿವಿಯ ಡಾಕ್ಟರರ ಹತ್ತಿರ ಎಳೆದುಕೊಂಡು ಬಂದ. ನಾನು ಪುತ್ತೂರಿನಲ್ಲೇ ಇರುವವನಾದ್ದರಿಂದ ಜೊತೆಗೆ ಹೋದೆ.

ಡಾಕ್ಟರರು ಚಿತ್ರ ತೋರಿಸಿ ವಿವರಿಸಿದರು. ಕಿವಿಯೊಳಗೆ ಮೂರು ಪುಟ್ಟ ಎಲುಬುಗಳಿವೆ. ಭಾವನ ಎರಡೂ ಕಿವಿಗಳಲ್ಲಿ ಕೊನೆಯದು ಬಿಗಿದುಕೊಂಡಿದೆ. ಗಾಳಿಯಲ್ಲಿ ಬರುವ ಶಬ್ದ ಅಲ್ಲಿಗೆ ಬಂದು ನಿಲ್ಲುತ್ತದೆ. ತಲೆಯ ಎಲುಬಿನ ಮೂಲಕ ಬರುವ ಶಬ್ದ ಮಾತ್ರ ನೇರವಾಗಿ ಒಳಕ್ಕೆ ಹೋಗುತ್ತದೆ. ಭಾವನಿಗೆ ಏನು ಸಂತೋಷ! "ಲಿಂಕೇಜ್ ಜಾಮ್! ಗ್ರೀಸ್ ಹಾಕ್ಲಿಕ್ಕೆ ಆಗುದಿಲ್ವಾ ಡಾಕ್ಟ್ರೇ?"

"ಆಗುದಿಲ್ಲ. ಆಪರೇಷನ್ ಮಾಡ್ಲಿಕ್ಕೆ ಆಗ್ತದೆ. ಅಲ್ಲಿವರೆಗೆ ಕಿವಿಗೆ ಮಿಷನ್ ಇಟ್ಟುಕೊಳ್ಳಿ."

ಅಕ್ಕನ ಆರೋಪ ವೈದ್ಯಕೀಯವಾಗಿ ಸಾಬೀತಾಯಿತು. ಗೆದ್ದ ಅವಳು ಆ ದಿನ ಭಾವನಿಗೆ ಕೇಳದೆಯೇ ಎರಡು ಸಲ ಚಾ ಮಾಡಿಕೊಟ್ಟಳು.

ಆಪರೇಷನ್ ವೈವಾ ಮುಗಿದ ಮೇಲೆ ಎಂದಾಯಿತು. ವೈವಾ ಎಂದರೆ ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಥೀಸಿಸ್ ಬಗ್ಗೆ ಬಾಯಲ್ಲೇ ಉತ್ತರ ಕೊಡುವುದು. ಎಂ.ಟೆಕ್ ಮುಗಿಸಲು ಕೊಟ್ಟ ವರ್ಷಗಳೂ ಮುಗಿಯುತ್ತ ಬಂದಿದ್ದವು. ಅದೇ ಕೊನೆಯ ಅವಕಾಶ. ಅಲ್ಲಿಯವರೆಗೆ ಕಿವಿಯ ಮಿಷನ್ ಸಾಕು. ಆದರೆ ಮಿಷನ್ ಆಗಾಗ ಸಿಳ್ಳೆ ಹೊಡೆಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ಕೊಡುತ್ತಿದ್ದರು. ಸಿಳ್ಳೆ ಹೊಡೆಯುವ ಯಂತ್ರವನ್ನು ಬಿಚ್ಚದೆ ಇರಲು ಮೆಕ್ಯಾನಿಕಲ್ ಎಂಜಿನಿಯರನಿಂದ ಆಗುತ್ತದೆಯೇ? ವೈವಾದ ಹಿಂದಿನ ದಿನ ಬಿಚ್ಚಿದರು!

"ಎಂತ ಮಾಡಿದ್ದು ನೀವು!" ಅಕ್ಕ ಕಿರುಚಿದಳು.

"ಸಣ್ಣ ಅಡ್ಜಸ್ಟ್‌ಮೆಂಟ್."

ಮಿಷನ್ ಮತ್ತೆ ಕೂಡಲಿಲ್ಲ.

ಮರುದಿನ ವೈವಾಕ್ಕೆ ಕಾರು ಓಡಿಸಿದ್ದು ನಾನು. ದಾರಿಯಲ್ಲಿ ಭಾವ ನನ್ನ ಕೈಹಿಡಿದು ಮಾತು ತೆಗೆದುಕೊಂಡರು: "ಕಿವಿಯ ವಿಷಯ ಅಲ್ಲಿ ಯಾರೂ ಎತ್ತುದು ಬೇಡ. ಮಕ್ಕಳ ಪ್ರಶ್ನೆ ಕೇಳದವನಿಗೆ ಕ್ಲಾಸ್ ಕೊಡ್ತಾರಾ? ನಾನು ತುಟಿ ನೋಡಿ ಸುಧಾರಿಸ್ತೇನೆ." ನಾನು ಹೂಂ ಎಂದೆ.

ಮುಂದಿನದನ್ನು ನಿಧಾನವಾಗಿ ಬರೆಯುತ್ತೇನೆ. ನಾನು ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡುವವನು. ಆಡಿದ ಮಾತು ಹೆಚ್ಚುಕಡಿಮೆ ಆಗಬಾರದು. ಭಾವ ಯಂತ್ರಗಳ ಮ್ಯಾನ್ಯುಯಲ್ ಬಿಟ್ಟು ಬೇರೇನೂ ಓದುವುದಿಲ್ಲವಾದ್ದರಿಂದ ಬರೆಯುವ ಧೈರ್ಯವೂ ಇದೆ.

ವೈವಾ ಕೇಳಲು ಹೊರಗಿನವರನ್ನೂ ಬಿಡುತ್ತಾರೆ, ಹಾಗಾಗಿ ನಾನು ಗೋಡೆ ಬದಿಯ ಕುರ್ಚಿಯಲ್ಲಿದ್ದೆ. ಪರೀಕ್ಷಕರು ಸಭ್ಯ ಮನುಷ್ಯ. ಮೆಲುದನಿ. ತುಟಿಯ ಮೇಲೆ ದಪ್ಪ ಬಿಳಿ ಮೀಸೆ. ಆ ಮೀಸೆಯ ಕೆಳಗೆ ತುಟಿ ಕಾಣುತ್ತಲೇ ಇರಲಿಲ್ಲ.

ಮೊದಲ ಪ್ರಶ್ನೆ: "ಸೆನ್ಸರನ್ನು ಪಂಪಿನ ಯಾವ ಭಾಗದಲ್ಲಿ ಕೂರಿಸಿದಿರಿ?" ಮೊದಲು ಕೇಳುವುದು ವಿಷಯದ ಆಯ್ಕೆಯನ್ನೇ ಎಂದು ಭಾವ ನಂಬಿದ್ದರು. "ಚಿಕ್ಕಂದಿನಿಂದ ಆಸಕ್ತಿ ಸರ್" ಎಂದರು.

ಎರಡನೆಯದು: "ನೀರಿನ ಜೊತೆ ಗಾಳಿ ಸೇರಿದರೂ ಪಂಪು ನಡುಗುತ್ತದಲ್ಲ? ಅದು ಬೇರಿಂಗಿನ ದೋಷವೇ ಎಂದು ಹೇಗೆ ಗುರುತಿಸಿದಿರಿ?" ಭಾವ ನಗುತ್ತ, "ಹೆಚ್ಚಿನವು ನಮ್ಮೂರಿನ ಪಂಪುಗಳೇ ಸರ್" ಎಂದರು.

ಪರೀಕ್ಷಕರು ಥೀಸಿಸ್ ಮುಚ್ಚಿ, ಇನ್ನೂ ಮೆಲ್ಲಗೆ ಕೇಳಿದರು: "ಇದನ್ನು ಬೇರೆ ಯಾರಾದರೂ ಮಾಡಿಕೊಟ್ಟರೇ?"

ಭಾವ ಎದ್ದು ನಿಂತು, ಕೈಮುಗಿದು ಹೇಳಿದರು: "ಹೌದು ಸರ್. ಎಲ್ಲರ ಸಹಕಾರ ಇತ್ತು ಸರ್."

ಪಕ್ಕದಲ್ಲಿದ್ದ, ಕಿವಿಯ ವಿಷಯ ಗೊತ್ತಿಲ್ಲದ ಗೈಡ್ ಬೆರಗಾಗಿ ಭಾವನನ್ನು ನೋಡಿದರು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಭಾವ ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡ ಎಂದರು. ನಾನು ಕುಳಿತೆ. ಕೊಟ್ಟ ಮಾತನ್ನು ಉಳಿಸಿಕೊಂಡದ್ದಕ್ಕೆ ನಾನು ಇಷ್ಟು ಪಶ್ಚಾತ್ತಾಪ ಪಟ್ಟದ್ದು ಬೇರೆ ಯಾವತ್ತೂ ಇಲ್ಲ.

ಫಲಿತಾಂಶ ಬಂದಾಗ ಅದರಲ್ಲಿ ಕಾರಣ ಇರಲಿಲ್ಲ. ಅನುತ್ತೀರ್ಣ ಎಂದಷ್ಟೇ ಇತ್ತು. ಭಾವನಿಗೆ ಆಪರೇಷನ್ ಆಯಿತು, ಕಿವಿ ಎಷ್ಟೋ ವಾಸಿ. ಅವರು ಈಗಲೂ ಲ್ಯಾಬಿನಲ್ಲೇ ಇದ್ದಾರೆ.

ಆದರೆ ವೈವಾದ ಆ ಮಧ್ಯಾಹ್ನ, ವಾಪಸು ಬರುವಾಗ, ಅವರು ಖುಷಿಯಲ್ಲಿದ್ದರು. "ಎಷ್ಟು ತಲೆಯಾಡಿಸಿದ್ರು ನೋಡಿದೆಯಾ? ಪಾಸಾದ ಹಾಗೆಯೇ!" ನನ್ನ ಮುಖ ನೋಡಿದರೋ ಏನೋ, ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಅವರು ಕೇಳಿದ್ದು ಎಂತದು?"

ರಬ್ಬರ್ ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿ, ಅವರ ಕಡೆ ತಿರುಗಿ, ಮೊದಲನೆಯದನ್ನು ಕೂಗಿ ಹೇಳಿದೆ. "ಛೆ!" ಎಂದರು. ಎರಡನೆಯದನ್ನು ಹೇಳಿದೆ. ಭಾವ ಸೀಟಿನಲ್ಲಿ ನೆಟ್ಟಗಾದರು.

"ಸುಲಭ ಅಲ್ವಾ ಅದು! ಗಾಳಿ ಸೇರಿದ್ರೆ ಅಡ್ಡಾದಿಡ್ಡಿ ಬಡೀತದೆ. ಬೇರಿಂಗಿನ ಗಾಯ ಹಾಗಲ್ಲ ಮಾರಾಯ, ಸುತ್ತಿನ ಲೆಕ್ಕಕ್ಕೆ ಸರಿಯಾಗಿ, ಒಂದೂ ತಪ್ಪದೆ ಬಡೀತದೆ. ಐದನೇ ಅಧ್ಯಾಯ ಪೂರ್ತಿ ಅದೇ ಉಂಟಲ್ಲ!" ಗಾಜಿನ ಧೂಳಿನ ಮೇಲೆ ಬೆರಳಿನಿಂದ ಎರಡು ಗೆರೆ ಎಳೆದರು, ಒಂದು ಸೊಟ್ಟ, ಇನ್ನೊಂದು ಹಲ್ಲುಹಲ್ಲಾಗಿ. ಎಷ್ಟು ಚೆನ್ನಾಗಿ ವಿವರಿಸಿದರೆಂದರೆ, ನನಗೂ ಅರ್ಥವಾಯಿತು.

ಆಮೇಲೆ ಬೆರಳು ಒರೆಸಿಕೊಂಡು ಕೇಳಿದರು: "ಮೂರನೇದು?"

"ಅದು ಪ್ರಶ್ನೆ ಅಲ್ಲ ಭಾವ" ಎಂದೆ. "ಕೆಲಸ ಬಹಳ ಚೆನ್ನಾಗಿ ಮಾಡಿದ್ದೀರಿ ಅಂದ್ರು."

ಭಾವ ನನ್ನ ತುಟಿಗಳನ್ನೇ ನೋಡುತ್ತಿದ್ದರು.

"ನಾನು ಎಲ್ಲರ ಸಹಕಾರ ಇತ್ತು ಅಂದೆ, ಅಲ್ವಾ? ಹಾಗಾದ್ರೆ ಅದೊಂದು ಉತ್ತರ ಸರಿ ಹೇಳಿದ್ದೇನೆ."

"ಸರಿ ಹೇಳಿದ್ದೀರಿ." ಸ್ಟೀರಿಂಗಿನ ಕಡೆ ತಿರುಗಿ ಅಂದೆ.

"ಎಂತ? ಕೇಳಲಿಲ್ಲ."

"ಸರಿ ಹೇಳಿದ್ದೀರಿ ಭಾವ!" ಕಾರಿನ ಗಾಜು ನಡುಗುವ ಹಾಗೆ ಕೂಗಿದೆ.